ಒತ್ತಿ ಹಿಡಿದರೆ ಒತ್ತು

ಮಲ್ಲಮ್ಮ ಅಂತ ಬರೆಯಲು 23 ಸಲ ಬಟನ್ ಒತ್ತಬೇಕಿತ್ತು. ಆ ಕೀಪ್ಯಾಡ್ ಮಾಡಿದವನು ನಾನೇ. ಕಲಬುರಗಿಯ ನೆಹರೂ ಗಂಜ್‌ನ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ, ತೊಗರಿ ಚೀಲಗಳ ನಡುವೆ ನಿಂತು, ಮುನೀಮ ಕಾಕಾ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಿದ್ದರು. ಪಕ್ಕದಲ್ಲೇ ನಿಂತಿದ್ದ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹದಿನೈದು ದಾಟುವಷ್ಟರಲ್ಲಿ ಕಾಕಾ ತಲೆ ಎತ್ತಿದರು. "ತಮ್ಮಾ, ಈ ಹೆಣ್ಮಗಳ ಹೆಸರು ಮುಗಿಯೋದ್ರಾಗ ಎರಡು ಚೀಲ ತೂಕ ಆಗ್ತಾವ ನೋಡು" ಅಂದರು. ಹಮಾಲರು ನಕ್ಕರು. ಮಲ್ಲಮ್ಮನೂ ನಕ್ಕಳು.

ನಾನು ತೂಕದ ಯಂತ್ರ, ಯುಪಿಎಸ್, ಚೀಟಿ ಪ್ರಿಂಟರ್ ರಿಪೇರಿ ಮಾಡುವವನು. ಗಂಜ್‌ಗೆ ದಿನಾ ಹೋಗುತ್ತೇನೆ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕದ ಅಂಕಿ ವೈರ್ ಮೂಲಕ ತಾನಾಗಿಯೇ ಪ್ರಿಂಟರ್‌ಗೆ ಬರುತ್ತದೆ, ಅದೇನೂ ತೊಂದರೆ ಇಲ್ಲ. ರೈತನ ಹೆಸರು ಮಾತ್ರ ಇಂಗ್ಲಿಷ್‌ನಲ್ಲಿ ಬರುತ್ತಿತ್ತು. ಎಷ್ಟೋ ಜನ ಚೀಟಿ ತಿರುಗಿಸಿ ನೋಡಿ, "ಇದು ನಂದೇ ಹೌದಲ್ರೀ?" ಅಂತ ಕೇಳೋರು. ಕಾಕಾ ಕೂಡ ಇಂಗ್ಲಿಷ್ ಅಕ್ಷರ ಒಂದೊಂದೇ ಹುಡುಕಿ ಒತ್ತೋರು. ಕನ್ನಡದಲ್ಲಿ ಹೆಸರು ಬರೆಯುವ, ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ ಮಾಡೋಣ ಅಂತ ಹೊರಟೆ.

ಮೊಬೈಲ್‌ನಲ್ಲೇ ಆ್ಯಪ್ ಹಾಕಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿದ್ದೆ. ಬೆವರು, ಧೂಳು ಮೆತ್ತಿದ ಬೆರಳಿಗೆ ಆ ಗಾಜು ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂಗಳದ ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಕಾ ಕಾಟಾ ನೋಡುತ್ತಾ, ರೈತನ ಜೊತೆ ಮಾತಾಡುತ್ತಾ ಒತ್ತುವವರು. ಅವರ ಬೆರಳಿಗೆ ಬಟನ್ ಸಿಗಬೇಕು. ಕಂಪ್ಯೂಟರ್ ಕಲಿತ ಗೆಳೆಯನೊಬ್ಬ, "ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ ಇದೆಯಲ್ಲ, ನುಡಿ ತಂತ್ರಾಂಶದಲ್ಲಿ ಇರೋದು ಅದೇ, ಅದನ್ನೇ ಹಾಕು" ಅಂದ. ಒಳ್ಳೆಯ ವಿನ್ಯಾಸ, ನಾನು ಲ್ಯಾಪ್‌ಟಾಪ್‌ನಲ್ಲಿ ಬಳಸುವುದೂ ಅದನ್ನೇ. ಆದರೆ ಅದಕ್ಕೆ ಇಂಗ್ಲಿಷ್‌ನ 26 ಕೀ ಬೇಕು, ಜೊತೆಗೆ ಶಿಫ್ಟ್ ಬೇಕು. ಎಫ್ ಒತ್ತಿದರೆ ಅರ್ಧಾಕ್ಷರ ಬರುತ್ತದೆ ಅಂತ ನೆನಪಿಡಬೇಕು. ಕಾಕಾಗೆ ಎಫ್ ಬೇಡ. ಅಂಗೈಯಗಲದಲ್ಲಿ ಅಷ್ಟು ಕೀ ಕೂರುವುದೂ ಇಲ್ಲ.

ಹಾಗಾಗಿ ಮೊದಲು ಹಳೆ ನೋಕಿಯಾ ಫೋನಿನ ದಾರಿ ಹಿಡಿದೆ. ಅದರಲ್ಲಿ ಇಂಗ್ಲಿಷ್‌ನ 26 ಅಕ್ಷರ ಎಂಟು ಬಟನ್ ಮೇಲೆ ಹಂಚಿಹೋಗುತ್ತವೆ, ಒಂದೊಂದರಲ್ಲಿ ಮೂರೋ ನಾಲ್ಕೋ. ಕನ್ನಡಕ್ಕೆ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಆದರೆ ನಮ್ಮ ವರ್ಣಮಾಲೆ ಮೊದಲೇ ಸಾಲಾಗಿ ಜೋಡಿಸಿಟ್ಟಿದೆಯಲ್ಲ, ಐದು ವರ್ಗಕ್ಕೆ ಐದು ಬಟನ್. ಕ ಖ ಗ ಘ ಙ ಒಂದರಲ್ಲಿ, ಚ ವರ್ಗ ಇನ್ನೊಂದರಲ್ಲಿ. ಯ ರ ಲ ವ ಒಂದು, ಶ ಷ ಸ ಹ ಳ ಒಂದು. ಸ್ವರಕ್ಕೆ ಐದು. ಒತ್ತಕ್ಷರ, ಅನುಸ್ವಾರದ ಸೊನ್ನೆ, ಅಳಿಸು, ಸರಿ ಸೇರಿ ನಾಲ್ಕು. ಒಟ್ಟು ಹದಿನಾರು. ಅಂಗಡಿಯಲ್ಲಿ ಸಿಗುವ ನಾಲ್ಕು ಸಾಲು, ನಾಲ್ಕು ಕಂಬದ ಕೀಪ್ಯಾಡ್‌ಗೆ ಕರಾರುವಾಕ್ಕಾಗಿ ಕೂತಿತು. ಆ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ಖುಷಿ ಇಳಿಸಿದ್ದು ಮಲ್ಲಮ್ಮ. ಪ ಫ ಬ ಭ ಮ. ಅಂದರೆ ಮ ಬೇಕಾದರೆ ಐದು ಸಲ ಒತ್ತಬೇಕು. ಹೆಸರಲ್ಲಿ ಮೂರು ಮ, ಅದಕ್ಕೇ ಹದಿನೈದು. ಲ ಎರಡು ಸಲ, ತಲಾ ಮೂರು. ಒತ್ತಿನ ಬಟನ್ ಎರಡು ಸಲ. ಆಯ್ತಲ್ಲ 23. ಕನ್ನಡದಲ್ಲಿ ಜಾಸ್ತಿ ಬಳಸುವ ನ, ಮ ಎರಡೂ ವರ್ಗದ ಕೊನೆಯಲ್ಲಿ ಕೂತಿವೆ. ಅಪರೂಪಕ್ಕೆ ಬರುವ ಮಹಾಪ್ರಾಣಗಳು ನಡುವೆ ಅಡ್ಡ ನಿಂತಿವೆ. ವರ್ಣಮಾಲೆಯನ್ನು ಜೋಡಿಸಿದ್ದು ಬಾಯಲ್ಲಿ ಉಚ್ಚಾರ ಹುಟ್ಟುವ ಜಾಗದ ಪ್ರಕಾರ. ಬೆರಳಿನ ಲೆಕ್ಕ ಅದರಲ್ಲಿಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಕಾಕಾನ ಹಳೆ ಖಾತೆ ಪುಸ್ತಕ ಒಂದನ್ನು ಇಸಿದುಕೊಂಡು ಹೋದೆ. ವಾರಗಟ್ಟಲೆ ರಾತ್ರಿ ಊಟ ಆದಮೇಲೆ ಕೂತು, ಹೆಸರುಗಳಲ್ಲಿ ಯಾವ ಅಕ್ಷರ ಎಷ್ಟು ಬರುತ್ತದೆ ಅಂತ ಗೆರೆ ಎಳೆದು ಎಣಿಸಿದೆ. ಕಂಪ್ಯೂಟರ್‌ಗೆ ಹಾಕಿದ್ದರೆ ಬೇಗ ಆಗುತ್ತಿತ್ತು. ಆದರೆ ಕೈಯಲ್ಲಿ ಎಣಿಸಿದ್ದಕ್ಕೇ ಕೆಲವು ಕಣ್ಣಿಗೆ ಬಿದ್ದವು. ಎಲ್ಲಿ ನೋಡಿದರೂ ಪ್ಪ, ಮ್ಮ, ಲ್ಲ, ಣ್ಣ. ನಮ್ಮ ಕಡೆ ಗಂಡಸಿನ ಹೆಸರು ಪ್ಪದಲ್ಲಿ, ಹೆಂಗಸಿನ ಹೆಸರು ಮ್ಮದಲ್ಲಿ ಮುಗಿಯುವುದೇ ಹೆಚ್ಚು. ಇನ್ನೊಂದು, ಮಹಾಪ್ರಾಣ ಅಪರೂಪ ಅಂತ ಪೂರ್ತಿ ಮೂಲೆಗೆ ತಳ್ಳುವ ಹಾಗಿಲ್ಲ. ಇದು ಖಾಜಾ ಬಂದೇನವಾಜರ ಊರು, ಪುಟಕ್ಕೊಬ್ಬ ಖಾಜಾಸಾಬ್ ಸಿಗುತ್ತಾನೆ. ಊರುಗಳ ಕಾಲಂನಲ್ಲಿ ಫರಹತಾಬಾದ್ ಇದೆ.

ಎರಡನೇ ಪೆಟ್ಟಿಗೆಗೆ 20 ಬಟನ್ ಇಟ್ಟೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು. ಸಾಲು, ಕಂಬದ ಲೆಕ್ಕದಲ್ಲಿ ವೈರ್ ಕೊಟ್ಟರೆ ಇಪ್ಪತ್ತಕ್ಕೂ ಒಂಬತ್ತೇ ವೈರ್ ಸಾಕು. ಕ ಗ ಖ ಘ, ತ ದ ಥ ಧ, ಪ ಬ ಫ ಭ ಅಂತ ಅಲ್ಪಪ್ರಾಣ ಮುಂದೆ ತಂದೆ. ನ ಮತ್ತು ಣ ಸೇರಿ ಬೇರೆ ಬಟನ್. ಮ ಒಂದೇ. ರ ಒಂದೇ. ಲ, ಳ ಒಂದು. ಸ ಶ ಷ ಒಂದು. ಯ ವ ಹ ಒಂದು. ಙ, ಞ ಎರಡನ್ನೂ ಬಿಟ್ಟೇಬಿಟ್ಟೆ. ಇವತ್ತಿನವರೆಗೂ ಗಂಜ್‌ನಲ್ಲಿ ಅವನ್ನು ಯಾರೂ ಕೇಳಿಲ್ಲ. ಋ ಬಿಟ್ಟಿದ್ದು ಮಾತ್ರ ತಪ್ಪಾಯಿತು, ಮೊದಲ ದಿನವೇ ಒಬ್ಬ ಕೃಷ್ಣಪ್ಪ ಬಂದ. ಆಮೇಲೆ ಅದನ್ನು ಉ ಊ ಬಟನ್ನಿನ ಮೂರನೇ ಒತ್ತಿಗೆ ಸೇರಿಸಿದೆ.

ಈಗ ಮಲ್ಲಮ್ಮ ಏಳಕ್ಕೆ ಇಳಿದಳು.

ಸ್ವರದಲ್ಲಿ ಒಂದು ಅನುಕೂಲ ಇದೆ. ಹೆಸರಿನ ಮೊದಲಲ್ಲಿ ಇ ಒತ್ತಿದರೆ ಇ, ವ್ಯಂಜನ ಆದಮೇಲೆ ಒತ್ತಿದರೆ ಗುಡಿಸು. ಎರಡಕ್ಕೂ ಒಂದೇ ಬಟನ್ ಸಾಕು. ಅ ಅಂತೂ ವ್ಯಂಜನದ ಒಳಗೇ ಇದೆ, ಆದ್ದರಿಂದ ಅಲ್ಲಿ ಅ ಬಟನ್ ಒತ್ತಿದರೆ ನೇರ ದೀರ್ಘ. ಇದರಿಂದ ನನಗೆ ಸ್ವಲ್ಪ ಜಾಸ್ತಿಯೇ ಧೈರ್ಯ ಬಂತು. ಇನ್ನೊಂದು ಬಟನ್ ಉಳಿಸೋಣ ಅಂತ ಸೊನ್ನೆಯನ್ನೂ ಒತ್ತಿನ ಬಟನ್‌ಗೇ ಸೇರಿಸಿದೆ. ಗುಡಿಸು, ಕೊಂಬು ಬಂದಮೇಲೆ ಒತ್ತು ಬರುವುದಿಲ್ಲ, ಅಲ್ಲಿ ಒತ್ತಿದರೆ ಅದು ಸೊನ್ನೆಯೇ ಇರಬೇಕು. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಇದು ನೂರಕ್ಕೆ ನೂರು ಸರಿ.

ಕಾಕಾ ಮಲ್ಲಿಕಾರ್ಜುನ ಅಂತ ಬರೆಯಲು ಹೋದರು. ಪ್ರಿಂಟ್ ಆಗಿದ್ದು ಮಲಿಂಲ ಏನೋ ಒಂದು.

ಬೆರಳು ತಪ್ಪಿರಬೇಕು ಅಂದುಕೊಂಡೆ. ಇನ್ನೊಮ್ಮೆ ಒತ್ತಿಸಿದೆ, ಮತ್ತೆ ಅದೇ. ಮೂರನೇ ಸಲ ಅವರ ಬೆರಳನ್ನೇ ನೋಡಿದೆ. ಮ ಒತ್ತಿದರು. ಲ ಒತ್ತಿದರು. ಇ ಒತ್ತಿದರು. ಆಮೇಲೆ ಒತ್ತು, ಆಮೇಲೆ ಲ. "ಕಾಕಾ, ಒತ್ತು ಮೊದಲು ಹಾಕ್ಬೇಕ್ರಿ, ಗುಡಿಸು ಆಮೇಲೆ" ಅಂದೆ. ಅವರು ಜೇಬಿನಿಂದ ಪೆನ್ ತೆಗೆದು ಚೀಲದ ಮೇಲೇ ಬರೆದು ತೋರಿಸಿದರು. ಮೊದಲು ಲಿ, ಆಮೇಲೆ ಕೆಳಗೆ ಒತ್ತು. "ಮಾಸ್ತರು ನಮಗ ಕಲಿಸಿದ್ದು ಹಿಂಗ. ನೀ ಹೆಂಗ ಬರಿತಿ?" ನಾನು ಪೆನ್ ತಗೊಂಡು ಬರೆದೆ. ನಾನೂ ಹಾಗೇ ಬರೆದೆ!

ನಾವು ಕೈಯಲ್ಲಿ ರೊಟ್ಟಿ ಬರೆಯುವಾಗ ಮೊದಲು ಟಿ ಬರೆದು ಆಮೇಲೆ ಕೆಳಗೆ ಟ ಒತ್ತು ಕೊಡುತ್ತೇವೆ. ಕಂಪ್ಯೂಟರ್‌ಗೆ ಟ, ಒತ್ತು, ಟ, ಕೊನೆಗೆ ಗುಡಿಸು ಬೇಕು. ಇಷ್ಟು ವರ್ಷ ಟೈಪ್ ಮಾಡಿ ಮಾಡಿ ಈ ವ್ಯತ್ಯಾಸ ನನಗೆ ಮರೆತೇ ಹೋಗಿತ್ತು. ಅರ್ಕಾವತ್ತಿನದೂ ಇದೇ ಕಥೆ. ಕೈಯಲ್ಲಿ ಜು ಬರೆದಮೇಲೆ ಪಕ್ಕದಲ್ಲಿ ಅರ್ಕಾವತ್ತು ಎಳೆಯುತ್ತೇವೆ, ಕಂಪ್ಯೂಟರ್‌ನಲ್ಲಿ ರ ಮೊದಲು ಬರಬೇಕು.

ಕಾಕಾನನ್ನು ತಿದ್ದುವುದು ಬಿಟ್ಟು ಪ್ರೋಗ್ರಾಂ ತಿದ್ದಿದೆ. ಗುಡಿಸು ಆದಮೇಲೆ ಒತ್ತು ಬಂದರೆ, ಮುಂದಿನ ವ್ಯಂಜನವನ್ನು ಅದು ಗುಡಿಸಿನ ಹಿಂದಕ್ಕೆ ಸರಿಸಿ ಕೂರಿಸುತ್ತದೆ. ಒತ್ತಿನ ಬಟನ್ ಎರಡು ಸಲ ಒತ್ತಿದರೆ ಹಿಂದಿನ ಅಕ್ಷರಕ್ಕೆ ಅರ್ಕಾವತ್ತು. ಕಂಪ್ಯೂಟರ್ ಕ್ರಮದಲ್ಲಿ ಒತ್ತುವವರಿಗೂ ಕೆಲಸ ಆಗುತ್ತದೆ, ಮಾಸ್ತರ ಕ್ರಮದಲ್ಲಿ ಒತ್ತುವವರಿಗೂ ಆಗುತ್ತದೆ. ಆದರೆ ಸೊನ್ನೆಗೆ ಮತ್ತೆ ಬೇರೆ ಬಟನ್ ಬೇಕಾಯಿತು. ಎಲ್ಲಿಂದ ತರೋದು? ಇಪ್ಪತ್ತನೆಯದು ಅಕ್ಷರದಿಂದ ಅಂಕಿಗೆ ಬದಲಿಸುವ ಬಟನ್ ಆಗಿತ್ತು. ಹೆಸರು, ಊರು ಕೇಳುವಾಗ ಅಕ್ಷರ, ಚೀಲ, ದರ ಕೇಳುವಾಗ ಅಂಕಿ. ಯಾವುದು ಕೇಳುತ್ತಿದ್ದೇನೆ ಅಂತ ಪೆಟ್ಟಿಗೆಗೇ ಗೊತ್ತಲ್ಲ! ಆ ಬಟನ್ ಸುಮ್ನೆ ಇಟ್ಟಿದ್ದೆ ಅಷ್ಟೆ. ಅದು ಸೊನ್ನೆ ಆಯಿತು. ತೊಗರಿ, ಹೆಸರುಕಾಳು, ಉದ್ದು, ಕಡಲೆ, ಜೋಳ ಇವನ್ನು ಬರೆಯುವುದೇ ಬೇಡ, ಪಟ್ಟಿಯಿಂದ ಆರಿಸಿದರಾಯಿತು.

ಖಾತೆ ಪುಸ್ತಕದ ಪ್ಪ, ಮ್ಮ ತಲೆಯಲ್ಲಿ ಇದ್ದೇ ಇತ್ತು. ವ್ಯಂಜನದ ಬಟನ್ ಒತ್ತಿ ಅರೆ ಸೆಕೆಂಡಿನಷ್ಟು ಹಿಡಿದರೆ ಅದೇ ಅಕ್ಷರದ ಒತ್ತು ಸೇರುವ ಹಾಗೆ ಮಾಡಿದೆ. ಪ ಹಿಡಿದರೆ ಪ್ಪ. ಲ ಹಿಡಿದರೆ ಲ್ಲ. ಹೇಳಿಕೊಡುವಾಗ "ಒತ್ತಿ ಹಿಡಿದ್ರ ಒತ್ತು ಬರ್ತದ ಕಾಕಾ" ಅಂದೆ. ಅವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮ, ಲ ಹಿಡಿ, ಮ ಹಿಡಿ. ಮಲ್ಲಮ್ಮ ಮೂರೇ ಒತ್ತಿಗೆ ಬಂದಳು.

ಬಟನ್‌ಗಳ ವಿಷಯಕ್ಕೆ ಬರುತ್ತೇನೆ. ಮೊದಲು ಹಾಕಿದ್ದು ಆರು ಮಿಲಿಮೀಟರ್‌ನ ಚಿಕ್ಕ ಬಟನ್. ಒಂದು ಒತ್ತಿದರೆ ಪಕ್ಕದ್ದೂ ಒತ್ತುತ್ತಿತ್ತು. ಆಮೇಲೆ ಹನ್ನೆರಡರದ್ದು ಹಾಕಿ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಹದಿನೈದು ಮಿಲಿಮೀಟರ್ ಅಂತರ ಕೊಟ್ಟೆ. ನಾಲ್ಕು ಕಂಬ ಸೇರಿ ಆರು ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಕೊಟ್ಟಿದ್ದು ಬಟನ್ ಒಳಗಿನ ನಡುಕ. ಯಾವ ಬಟನ್ನೇ ಆಗಲಿ, ಒತ್ತಿದಾಗ ಒಳಗಿನ ತಗಡು ಒಂದೇ ಸಲ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಧೂಳು ಸೇರಿದರೆ ಇನ್ನೂ ಜಾಸ್ತಿ. ಆ ನಡುಕ ನಿಲ್ಲಲಿ ಅಂತ ಪ್ರೋಗ್ರಾಂ ಐದು ಮಿಲಿಸೆಕೆಂಡ್ ಕಾಯುವಂತೆ ಬರೆದಿದ್ದೆ. ಮನೆಯ ಮೇಜಿನ ಮೇಲೆ ಅದು ಸಾಕಾಗಿತ್ತು. ಗಂಜ್‌ಗೆ ಬಂದು ತಿಂಗಳಾದಮೇಲೆ ಒಂದು ಸಲ ಒತ್ತಿದ್ದು ಎರಡು ಸಲ ಆಗತೊಡಗಿತು. ಎರಡಾದರೆ ಪ ಹೋಗಿ ಬ ಆಗುತ್ತದಲ್ಲ. ಒಬ್ಬ ದೊಡ್ಡ ಪಾಟೀಲರ ಚೀಟಿಯಲ್ಲಿ ಬಾಟೀಲ ಅಂತ ಬಂತು. ಅವರು ಆ ಚೀಟಿ ಎಲ್ಲರಿಗೂ ತೋರಿಸಿದರು. ಅವತ್ತು ಸಂಜೆಯೇ 25 ಮಿಲಿಸೆಕೆಂಡ್ ಮಾಡಿದೆ.

ಸ್ಕ್ರೀನ್ 128 ಅಡ್ಡ, 64 ಉದ್ದ ಚುಕ್ಕಿಗಳದ್ದು. ಮೊದಲಿನ ಒಎಲ್‌ಇಡಿ ಬಿಸಿಲಲ್ಲಿ ಕಾಣಲೇ ಇಲ್ಲ, ಹಾಗಾಗಿ ಎಲ್‌ಸಿಡಿಗೆ ಬದಲಿಸಿದೆ. ಅದೂ ಏಪ್ರಿಲ್‌ನಲ್ಲಿ ಕೈಕೊಟ್ಟಿತು. ತಗಡಿನ ಶೆಡ್ ಕೆಳಗೆ ಕಾವು ಏರಿದಂತೆ ಎಲ್‌ಸಿಡಿ ಪೂರ್ತಿ ಕಪ್ಪಾಗುತ್ತದೆ. ಕಾಂಟ್ರಾಸ್ಟ್ ತಿರುಗಿಸುವ ಚಿಕ್ಕ ತಿರುಪು ಹೊರಗೆ ತಂದಿಟ್ಟೆ. ಕನ್ನಡದ ಒತ್ತಿಗೆ ಕೆಳಗೆ ಜಾಗ ಬೇಕು, ಆದ್ದರಿಂದ ಎರಡೇ ಸಾಲು ಹಿಡಿಯುತ್ತವೆ. ಯುನಿಕೋಡ್‌ನಲ್ಲಿ ಒತ್ತಕ್ಷರಗಳಿಗೆ ಬೇರೆ ಸಂಖ್ಯೆ ಇಲ್ಲ, ಅಕ್ಷರ ಜೋಡಿಸುವ ಕೆಲಸ ಫಾಂಟ್‌ದು, ಅದನ್ನು ಓದುವ ಸಾಫ್ಟ್‌ವೇರ್‌ದು. ನನ್ನ ಚಿಕ್ಕ ಇಎಸ್‌ಪಿ32 ಚಿಪ್‌ನಲ್ಲಿ ಅದನ್ನೆಲ್ಲ ಮಾಡಿಸುವ ಬದಲು, ವ್ಯಂಜನಗಳ ಕಾಗುಣಿತವನ್ನೂ ಒತ್ತುಗಳನ್ನೂ ಲ್ಯಾಪ್‌ಟಾಪ್‌ನಲ್ಲೇ ಚಿತ್ರ ಮಾಡಿ ಒಳಗೆ ತುಂಬಿದೆ. ಪ್ರಿಂಟರ್‌ಗೂ ಅದೇ ಚಿತ್ರ ಹೋಗುತ್ತದೆ. 58 ಮಿಲಿಮೀಟರ್ ಕಾಗದದಲ್ಲಿ ಸಾಲಿಗೆ 384 ಚುಕ್ಕಿ, ಹೆಸರು ದಪ್ಪಗೆ ಬರುತ್ತದೆ.

ಕೊನೆಗೆ ಮಾಡಿದ್ದು ಊಹೆ. ಹಳೆ ಫೋನುಗಳ ಟಿ9 ನೆನಪಿದೆಯಲ್ಲ, ಅದೇ ಯೋಚನೆ. ಬಟನ್ ಒಂದೊಂದೇ ಸಲ ಒತ್ತಿ, ಸ್ವರ, ಒತ್ತು, ಸೊನ್ನೆ ಎಲ್ಲ ಬಿಟ್ಟುಬಿಡಿ. ಖಾತೆಯಲ್ಲಿರುವ ಹೆಸರುಗಳಲ್ಲಿ ಹೊಂದುವುದು ಕೆಳಗಿನ ಸಾಲಿನಲ್ಲಿ ಬರುತ್ತದೆ. ಶರಣಬಸಪ್ಪನಿಗೆ ನಾಲ್ಕು ಬಟನ್ ಒತ್ತುವಷ್ಟರಲ್ಲಿ ಪೂರ್ತಿ ಹೆಸರು ಕಾಣುತ್ತದೆ. ಖಾಜಾಗೆ ಖ ಹುಡುಕುವ ಕಷ್ಟವೂ ತಪ್ಪಿತು.

ಆದರೆ ನಾಗಪ್ಪ, ನಿಂಗಪ್ಪ ಇಬ್ಬರದೂ ಒಂದೇ ಮೂರು ಬಟನ್. ಜಾಸ್ತಿ ಸಲ ಬಂದವನ ಹೆಸರನ್ನು ಪೆಟ್ಟಿಗೆ ತಾನೇ ಹಾಕಿಬಿಡುತ್ತಿತ್ತು. ಒಂದು ದಿನ ನಿಂಗಪ್ಪನ ಚೀಲಗಳು ನಾಗಪ್ಪನ ಹೆಸರಿಗೆ ಹೋದವು. ಸಂಜೆ ಲೆಕ್ಕ ಕೂಡಿಸುವಾಗ ಸಿಕ್ಕಿತು, ಇಲ್ಲದಿದ್ದರೆ ಜಗಳವೇ ಆಗುತ್ತಿತ್ತು. ಫೋನಿನಲ್ಲಿ ತಪ್ಪು ಪದ ಹೋದರೆ ನಗು ಬರುತ್ತದೆ. ಇಲ್ಲಿ ಆ ಚೀಟಿ ತೋರಿಸಿ ದುಡ್ಡು ತಗೊಳ್ಳಬೇಕು. ಈಗ ಒಂದೇ ಹೆಸರು ಉಳಿಯುವ ತನಕ ಪೆಟ್ಟಿಗೆ ಮುಂದೆ ಹೋಗುವುದಿಲ್ಲ, ಕುಂಯ್ ಅನ್ನುತ್ತದೆ. ನ ಆದಮೇಲೆ ಇ ಒಂದು ಒತ್ತಿದರೆ ನಾಗಪ್ಪ ಹೋಗಿ ನಿಂಗಪ್ಪ ಉಳಿಯುತ್ತಾನೆ. ಕಾಕಾಗೆ ಆ ಕುಂಯ್ ಇಷ್ಟವಿಲ್ಲ. ನಾನು ತೆಗೆಯುವುದಿಲ್ಲ.

ಬಟನ್ ಮೇಲೆ ಅಂಟಿಸಿದ ಅಕ್ಷರಗಳು ಎರಡೇ ತಿಂಗಳಿಗೆ ಅಳಿಸಿಹೋದವು, ಮೊದಲು ಹೋಗಿದ್ದು ಪ. ಕಾಕಾಗೆ ಅದರಿಂದ ಏನೂ ಆಗಲಿಲ್ಲ, ಅವರು ನೋಡುವುದೇ ಇಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಪರದಾಡಿದ. ಹಾಗಾಗಿ ಈ ಸೀಸನ್‌ಗೆ ಕಪ್ಪು ಪ್ಲಾಸ್ಟಿಕ್‌ನಲ್ಲಿ ಅಕ್ಷರ ಕೊರೆದ ಮುಚ್ಚಳ ಮಾಡಿಸಿದೆ. ಕೊರೆದದ್ದರಲ್ಲಿ ಬಿಳಿ ಬಣ್ಣ ತುಂಬಬೇಕು ಅಂತ ಡಬ್ಬಿಯೂ ತಂದಿಟ್ಟಿದ್ದೆ. ಕೆಲಸದ ಗಡಿಬಿಡಿಯಲ್ಲಿ ಹಾಗೇ ಕೊಟ್ಟುಬಿಟ್ಟೆ. ವಾರ ಬಿಟ್ಟು ಹೋಗಿ ನೋಡಿದರೆ ಕೊರೆದ ಅಕ್ಷರಗಳ ತುಂಬ ತೊಗರಿ ಧೂಳು ಕೂತು, ಇಪ್ಪತ್ತೂ ಬಟನ್ ದೂರದಿಂದಲೇ ಓದಲು ಬರುತ್ತಿದ್ದವು. ಬಣ್ಣದ ಡಬ್ಬಿ ಇನ್ನೂ ಒಡೆದಿಲ್ಲ.