ಪೆಡಲ್ ತುಳಿದಾಗ ‘ಕಟ್’ ಅಂದರೆ: ಸೈಕಲ್ ಬಿ.ಬಿ. ಬಿಚ್ಚಿ ಕೂರಿಸುವ ಬಗೆ

ಸೈಕಲ್ ತುಳಿಯುವಾಗ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಒಂದು ‘ಕಟ್’ ಕೇಳಿಸುತ್ತಿದ್ದರೆ ಅನುಮಾನ ನೇರ ಬಿ.ಬಿ. ಮೇಲೆ ಹೋಗುತ್ತದೆ. ಬಾಟಮ್ ಬ್ರಾಕೆಟ್ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ, ಶಾಪಿನಲ್ಲಿ ‘ಬಿ.ಬಿ. ಹೋಗಿದೆ’ ಅಂದರೆ ಸಾಕು. ಎರಡು ಕ್ರ್ಯಾಂಕ್‌ಗಳನ್ನು (ಪೆಡಲ್ ಕೂತಿರುವ ತೋಳುಗಳನ್ನು) ಜೋಡಿಸುವ ಆಕ್ಸಲ್, ಅದು ಉರುಳುವ ಬೇರಿಂಗ್, ಎರಡನ್ನೂ ಹಿಡಿದಿಡುವ ಕಪ್ಪುಗಳು, ಇಷ್ಟೂ ಸೇರಿ ಬಿ.ಬಿ. ಫ್ರೇಮಿನ ತಳದ ಅಡ್ಡ ಕೊಳವೆಯೊಳಗೆ ಕೂತಿರುತ್ತದೆ.

ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಎರಡು ನಿಮಿಷ ಪತ್ತೇದಾರಿ ಮಾಡಿ. ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ಮಾಯವಾದರೆ ತಂಟೆ ಸೀಟಿನ ಕಂಬದ್ದು, ಬಿ.ಬಿ.ಯದ್ದಲ್ಲ. ಆಮೇಲೆ ಸೈಕಲ್ ನಿಲ್ಲಿಸಿ ಕ್ರ್ಯಾಂಕಿನ ತುದಿ ಹಿಡಿದು ಫ್ರೇಮಿನ ಕಡೆಗೆ ಒತ್ತಿ, ಹೊರಕ್ಕೆ ಎಳೆಯಿರಿ. ಎರಡೂ ಕ್ರ್ಯಾಂಕ್ ಒಟ್ಟಿಗೆ ಅಲ್ಲಾಡಿದರೆ ಬೇರಿಂಗ್ ಸಡಿಲವಾಗಿದೆ. ಒಂದೇ ಕ್ರ್ಯಾಂಕ್ ಅಲ್ಲಾಡಿದರೆ ಅದರ ಪಿನ್ನೋ ಬೋಲ್ಟೋ ಸಡಿಲ, ಅಷ್ಟೆ, ಬಿ.ಬಿ.ಗೆ ಕೈ ಹಚ್ಚುವ ಅಗತ್ಯವೇ ಇಲ್ಲ. ಕೊನೆಗೆ ಚೈನ್ ಇಳಿಸಿ, ಕ್ರ್ಯಾಂಕ್ ತಿರುಗಿಸಿ, ಇನ್ನೊಂದು ಕೈಯನ್ನು ಫ್ರೇಮಿನ ಮೇಲಿಡಿ. ಒಳಗೆ ಮರಳು ಅರೆದಂತಾಗುವುದು ಬೆರಳಿಗೆ ತಿಳಿಯುತ್ತದೆ.

ಈಗ ಮುಖ್ಯ ಮಾತು, ತಿರುಗಿಸುವ ದಿಕ್ಕು. ನಮ್ಮಲ್ಲಿ ಓಡಾಡುವ ಬಹುಪಾಲು ಸೈಕಲ್‌ಗಳಲ್ಲಿ ಚೈನ್ ಇರುವ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್ಡು, ಎಡಗಡೆಯದಕ್ಕೆ ಮಾಮೂಲಿ ಥ್ರೆಡ್ಡು. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಬಲಗಡೆಯ ಕಪ್ಪನ್ನು ಮುಕ್ಕಾಲು ಗಂಟೆ ‘ಬಿಚ್ಚಿದೆ’. ಪಾನಾಕ್ಕೆ ಪೈಪು ಸಿಕ್ಕಿಸಿ, ಅದರ ಮೇಲೆ ಕೂತು, ಅದನ್ನು ಇನ್ನಷ್ಟು ಬಿಗಿದಿದ್ದೆ ಎಂದು ಆಮೇಲೆ ಗೊತ್ತಾಯಿತು. ಎಡ ಬಲ ಎಂದು ಬಾಯಿಪಾಠ ಮಾಡುವುದಕ್ಕಿಂತ ಹೀಗೆ ನೆನಪಿಡಿ: ಸೈಕಲ್ ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೆ ಕಪ್ಪನ್ನು ತಿರುಗಿಸಿದರೆ ಎರಡೂ ಕಡೆ ಬಿಚ್ಚುತ್ತದೆ, ಹಿಂದಕ್ಕೆ ತಿರುಗಿಸಿದರೆ ಎರಡೂ ಕಡೆ ಬಿಗಿಯುತ್ತದೆ. ಇಟಾಲಿಯನ್ ಥ್ರೆಡ್ಡಿನ ಫ್ರೇಮುಗಳಿಗೆ ಈ ಲೆಕ್ಕ ಸಲ್ಲದು, ಅಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್ಡೇ. ಆದರೆ ಅಂಥ ಸೈಕಲ್ ನಿಮ್ಮ ಕೈಗೆ ಸಿಗುವುದು ಅಪರೂಪ.

ಬಲಗಡೆ ಉಲ್ಟಾ ಏಕೆ? ಮುಷ್ಟಿಯಲ್ಲಿ ಪೆನ್ಸಿಲನ್ನು ಸಡಿಲವಾಗಿ ಹಿಡಿದು ಅದರ ತುದಿಯನ್ನು ವೃತ್ತಾಕಾರವಾಗಿ ಸುತ್ತಿಸಿ ನೋಡಿ. ನೀವು ಒಂದು ದಿಕ್ಕಿಗೆ ಸುತ್ತಿಸಿದರೆ ಪೆನ್ಸಿಲ್ ನಿಧಾನವಾಗಿ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ತುಳಿತದ ಭಾರಕ್ಕೆ ಕಪ್ಪು ಕೂಡ ಹಾಗೆಯೇ ಹೊರಳಲು ನೋಡುತ್ತದೆ. ಉಲ್ಟಾ ಥ್ರೆಡ್ ಇದ್ದರೆ ಆ ಹೊರಳಾಟ ಬಿಗಿಯುವ ಕಡೆಗೇ ಆಗುತ್ತದೆ.

ಹಳೇ ರಾಡ್ ಬ್ರೇಕಿನ ಕರಿ ಸೈಕಲ್‌ನಿಂದ ಶುರು ಮಾಡೋಣ. ಇದರಲ್ಲಿ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿರುವುದು ಕಾಟರ್ ಪಿನ್. ಅದರ ನಟ್ಟನ್ನು ಪೂರ್ತಿ ತೆಗೆಯಬೇಡಿ. ಪಿನ್ನಿನ ತುದಿಗೆ ಸಮವಾಗಿ ನಿಲ್ಲುವಷ್ಟು ಸಡಿಲಿಸಿ, ಏಟು ಬಿದ್ದಾಗ ಥ್ರೆಡ್ ಉಳಿಯುತ್ತದೆ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಹೊರಬರಲು ಜಾಗ ಬಿಟ್ಟು, ನೆಲಕ್ಕೆ ಊರುವಂತೆ ಒಂದು ಗಟ್ಟಿ ಕಬ್ಬಿಣದ ಪೈಪಿನ ತುಂಡು ಕೊಡಿ. ಆಸರೆ ಇಲ್ಲದೆ ಹೊಡೆದರೆ ಏಟು ಬೇರಿಂಗಿಗೆ ಹೋಗಿ ಕಪ್ಪಿನಲ್ಲಿ ಕುಳಿ ಬೀಳುತ್ತದೆ. ಭಾರದ ಸುತ್ತಿಗೆಯಿಂದ ಒಂದೇ ಒಂದು ಏಟು. ಹತ್ತು ಪುಟ್ಟ ಏಟು ಹೊಡೆದರೆ ಪಿನ್ ಬಾಗುವುದು ಖಂಡಿತ. ಬಾಗಿದರೂ ಚಿಂತೆ ಬೇಡ, ಅಗ್ಗದ ಸಾಮಾನು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ದಪ್ಪದ್ದು ತನ್ನಿ.

ಎಡಗಡೆಯ ಕಪ್ಪು ಅಲ್ಲಾಡದಂತೆ ಹಿಡಿದಿರುವ ಲಾಕ್ ರಿಂಗ್ ಬಿಚ್ಚಿ, ಕಪ್ಪನ್ನು ಹೊರತೆಗೆಯುವಾಗ ಕೆಳಗೆ ಹಳೇ ಪಂಚೆ ಹಾಸಿ. ಒಳಗೆ ಕಾಲು ಇಂಚಿನ ಬಾಲ್‌ಗಳು ಬಿಡಿಬಿಡಿಯಾಗಿರುತ್ತವೆ, ಸಾಮಾನ್ಯವಾಗಿ ಕಡೆಗೆ 11ರಂತೆ 22. ಅಪ್ಪನ ಸೈಕಲ್ಲನ್ನು ಅಂಗಳದಲ್ಲೇ ಬಿಚ್ಚಿ ನಾನು ಹೆಕ್ಕಿದ್ದು 21. ಆ ಒಂದು ಬಾಲ್ ಮಳೆಗಾಲ ಕಳೆದ ಮೇಲೆ ತುಳಸಿಕಟ್ಟೆಯ ಬುಡದಲ್ಲಿ ಸಿಕ್ಕಿತು, ತುಕ್ಕು ಹಿಡಿದು.

ಬಲಗಡೆಯ ಕಪ್ಪನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ. ಎಡಗಡೆಯಿಂದಲೇ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತೂರಿಸಿ ಒರೆಸಿ, ಟಾರ್ಚ್ ಹಿಡಿದು ನೋಡಿ. ಬಾಲ್ ಓಡುವ ದಾರಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಅಲ್ಲಿಯೇ ಇರಲಿ. ಕುಳಿ ಬಿದ್ದಿದ್ದರೆ ಮಾತ್ರ ಬದಲಿಸಿ. ಬಾಲ್‌ಗಳನ್ನಂತೂ ಪ್ರತಿ ಸಲ ಹೊಸದೇ ಹಾಕಿ, ಅದರಲ್ಲಿ ಜಿಪುಣತನ ಬೇಡ.

ಕಪ್ಪಿನೊಳಗೆ ಗ್ರೀಸನ್ನು ದಪ್ಪಗೆ ಸವರಿ, ಬಾಲ್‌ಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ. 11 ಕೂತ ಮೇಲೆ ಚೂರು ಸಂದು ಉಳಿಯುತ್ತದೆ, ಅದು ಇರಲೇಬೇಕು. ಅಲ್ಲಿಗೆ ಹನ್ನೆರಡನೆಯದನ್ನು ತುರುಕಬೇಡಿ. ಆಕ್ಸಲ್ಲಿನ ಉದ್ದ ಇರುವ ಬದಿ ಚೈನ್ ಕಡೆಗೆ ಬರಲಿ. ಎಡಗಡೆಯ ಕಪ್ಪನ್ನು ಕೈಯಲ್ಲೇ ತಿರುಗಿಸುತ್ತಾ ಹೋಗಿ. ಬಾಲ್‌ಗೆ ತಾಗಿ ನಿಂತಿತು ಅನ್ನಿಸಿದಾಗ ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಕಪ್ಪನ್ನು ಅಲ್ಲಾಡದಂತೆ ಹಿಡಿದು ಲಾಕ್ ರಿಂಗ್ ಬಿಗಿಯಿರಿ. ರಿಂಗ್ ಬಿಗಿಯುವಾಗ ಕಪ್ಪು ಜೊತೆಗೇ ಹೊರಳುವುದರಿಂದ ಒಂದೇ ಸಲಕ್ಕೆ ಸರಿಹೋಗುವುದು ಕಡಿಮೆ. ನಾನು ಈಗಲೂ ಮೂರು ಸಲ ಮಾಡುತ್ತೇನೆ. ಆಕ್ಸಲ್ಲನ್ನು ಎರಡು ಬೆರಳಲ್ಲಿ ತಿರುಗಿಸಿದರೆ ಬೆಣ್ಣೆಯಂತೆ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲ್ಲಾಡಬಾರದು.

ಕಾಟರ್ ಪಿನ್ ಹಾಕುವಾಗ ಒಂದು ಎಚ್ಚರ. ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮನಾಗಿ ಇಟ್ಟಾಗ ಒಂದರ ನಟ್ ಮೇಲಿದ್ದರೆ ಇನ್ನೊಂದರದ್ದು ಕೆಳಗಿರಬೇಕು. ಎರಡನ್ನೂ ಒಂದೇ ಕಡೆಯಿಂದ ಹಾಕಿದರೆ ಪೆಡಲ್‌ಗಳು ಒಂದೇ ಗೆರೆಗೆ ಬರುವುದಿಲ್ಲ, ತುಳಿದಾಗ ಕುಂಟಿದಂತಾಗುತ್ತದೆ. ಪಿನ್ನನ್ನು ಸುತ್ತಿಗೆಯಿಂದ ಕೂರಿಸಿ, ನಟ್ ಅದನ್ನು ಹಿಡಿದಿಡುವುದಕ್ಕೆ ಮಾತ್ರ. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಥ್ರೆಡ್ ಕಿತ್ತು ಬರುತ್ತದೆ. 20-30 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ತಟ್ಟಿ ಬಿಗಿಯಿರಿ.

ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಚೌಕ ತುದಿಯ ಆಕ್ಸಲ್ ಇರುವ ಕಾರ್ಟ್ರಿಜ್ ಬಿ.ಬಿ. ಇರುತ್ತದೆ. ಬೇರಿಂಗ್ ಒಳಗೇ ಸೀಲ್ ಆಗಿರುವುದರಿಂದ ಬಾಲ್ ಹೆಕ್ಕುವ ಪಾಡಿಲ್ಲ. ಕೆಟ್ಟರೆ ಇಡಿಯಾಗಿ ಎಸೆದು ಹೊಸದು ಹಾಕುವುದು. ಕೊಳ್ಳುವಾಗ ಎರಡು ಅಳತೆ ಬೇಕು: ಫ್ರೇಮಿನ ಕೊಳವೆಯ ಅಗಲ (68 ಅಥವಾ 73 ಮಿ.ಮೀ.) ಮತ್ತು ಆಕ್ಸಲ್ಲಿನ ಉದ್ದ (113, 122.5 ಮಿ.ಮೀ. ಹೀಗೆ). ಹಳೆಯದರ ಮೇಲೆಯೇ ಬರೆದಿರುತ್ತದೆ. ಉದ್ದ ತಪ್ಪಿದರೆ ಚೈನ್ ಓರೆಯಾಗಿ ಓಡುತ್ತದೆ.

ಕ್ರ್ಯಾಂಕ್ ಕೀಳಲು ಪುಲ್ಲರ್ ಬೇಕೇ ಬೇಕು, ಸುತ್ತಿಗೆಯ ಕೆಲಸ ಇಲ್ಲಿಲ್ಲ. ಬೋಲ್ಟ್ ತೆಗೆದ ಮೇಲೆ ಒಳಗೆ ವಾಷರ್ ಅಂಟಿಕೊಂಡಿದೆಯಾ ನೋಡಿ. ಅದನ್ನು ಮರೆತು ಪುಲ್ಲರ್ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಸಿಪ್ಪೆಯಂತೆ ಎದ್ದು ಬರುತ್ತದೆ. ಪುಲ್ಲರ್ ಕೊನೆಯವರೆಗೂ ಒಳಗೆ ಹೋಗಲಿ. ಕಪ್ಪು ಬಿಚ್ಚಲು 20 ಹಲ್ಲಿನ ಬಿ.ಬಿ. ಟೂಲ್ ಸಾಕು.

ಹೊಸದನ್ನು ಹಾಕುವ ಮೊದಲು ಫ್ರೇಮಿನ ಥ್ರೆಡ್ಡನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಗ್ರೀಸ್ ಹಚ್ಚಿ. ಮೊದಲ ಮೂರ್ನಾಲ್ಕು ಸುತ್ತು ಕೈಯಲ್ಲೇ ಹೋಗಬೇಕು. ಹೋಗದಿದ್ದರೆ ಓರೆಯಾಗಿ ಹಿಡಿದಿದೆ ಎಂದರ್ಥ, ವಾಪಸ್ ತೆಗೆದು ಮತ್ತೆ ಹಿಡಿಸಿ. ಇಲ್ಲಿ ಪಾನಾ ಹಾಕಿ ಬಲ ಬಿಟ್ಟರೆ ಫ್ರೇಮೇ ಹಾಳು. ಬಲಗಡೆ ಮೊದಲು, ಎಡಗಡೆಯ ಕಪ್ಪು ಆಮೇಲೆ. ಸಾಮಾನ್ಯವಾಗಿ ಹೇಳುವ ಬಿಗಿತ 50ರಿಂದ 70 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದವರಿಗೆ: ಒಂದಡಿ ಉದ್ದದ ಪಾನಾದ ತುದಿಯಲ್ಲಿ 20 ಕೆ.ಜಿ. ಭಾರ ಹಾಕಿದಷ್ಟು. ಕ್ರ್ಯಾಂಕ್ ಬೋಲ್ಟನ್ನೂ ಗಟ್ಟಿ ಬಿಗಿಯಿರಿ. ಅದು ಸಡಿಲವಿದ್ದಾಗಲೇ ನಾಲ್ಕು ದಿನ ತುಳಿದರೆ ಕ್ರ್ಯಾಂಕಿನ ಚೌಕ ತೂತು ಸವೆದು ದುಂಡಗಾಗಿ, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್ ಫಿಟ್ ಬಿ.ಬಿ. ನಿಮ್ಮದಾಗಿದ್ದರೆ ಶಾಪಿಗೇ ಒಯ್ಯಿರಿ. ಅದರ ಪ್ರೆಸ್ ಮನೆಯಲ್ಲಿಟ್ಟುಕೊಳ್ಳುವಂಥದ್ದಲ್ಲ.

ಬಿ.ಬಿ. ಕೆಡುವುದು ತುಳಿತಕ್ಕಿಂತ ನೀರಿನಿಂದ. ವಾಟರ್ ಸರ್ವಿಸ್‌ನ ಜೋರು ನೀರನ್ನು ಕ್ರ್ಯಾಂಕಿನ ಸಂದಿಗೆ ಹಿಡಿಸಬೇಡಿ, ಗ್ರೀಸ್ ತೊಳೆದು ಹೋಗುತ್ತದೆ. ಮಳೆನೀರು ಸೀಟಿನ ಕಂಬದ ಬಳಿ ಇಳಿದು ಸೀದಾ ಬಿ.ಬಿ.ಯ ಕೊಳವೆಗೆ ಸೇರುತ್ತದೆ. ಕೆಲವು ಫ್ರೇಮುಗಳ ತಳದಲ್ಲಿ ನೀರು ಬಸಿಯಲು ಪುಟ್ಟ ತೂತಿರುತ್ತದೆ. ಅದಕ್ಕೆ ಮಣ್ಣು ಮೆತ್ತಿಕೊಂಡಿದ್ದರೆ ಕಡ್ಡಿಯಿಂದ ಚುಚ್ಚಿ. ತೂತೇ ಇಲ್ಲದಿದ್ದರೆ ಒಳ್ಳೆ ಮಳೆಯಲ್ಲಿ ನೆನೆದ ಮರುದಿನ ಸೀಟಿನ ಕಂಬ ಕಿತ್ತು ಸೈಕಲ್ಲನ್ನು ತಲೆಕೆಳಗು ಮಾಡಿ. ಕಾಲು ಮಾತ್ರ ಸ್ವಲ್ಪ ದೂರ ಇಟ್ಟುಕೊಳ್ಳಿ, ತುಕ್ಕಿನ ನೀರಿನ ಕಲೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ.