ಮಲಾವಿಯಲ್ಲಿ ಇಬ್ಬರು ಮುದುಕರ ಸಂಸಾರ

ಆಫ್ರಿಕದ ಮಲಾವಿಯಿಂದ ಚಿಕ್ಕಮಗಳೂರಿಗೆ ಮರಳಿದ ಮೇಲೆ ನಮ್ಮ ಚರ್ಚಿನ ಸಭೆಯವರು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಎಷ್ಟು ಜನರಿಗೆ ಸುವಾರ್ತೆ ಸಾರಿದಿರಿ ಎನ್ನುವುದು. ಒಬ್ಬರಿಗೂ ಇಲ್ಲ ಎಂದರೆ ಮುಖ ಚಿಕ್ಕದಾಗುತ್ತದೆ. ಸ್ಕಾಟ್ಲೆಂಡಿನ ಮಿಷನರಿಗಳು ಮಲಾವಿ ಸರೋವರದ ದಂಡೆಗೆ ಬಂದಿಳಿದದ್ದು 1875ರಲ್ಲಿ. ಅಲ್ಲಿನ ಪ್ರೆಸ್ಬಿಟೇರಿಯನ್ ಪಂಥದ ಸಭೆಗಳು 1924ರಲ್ಲೇ ಒಂದಾಗಿದ್ದವು. ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್ಐ) ಹುಟ್ಟಿದ್ದೇ ಆಮೇಲೆ, 1947ರಲ್ಲಿ. ಅಂಥವರಿಗೆ ನಾವು ಹೋಗಿ ಏನನ್ನು ಸಾರುವುದು? ನಾವು ಹೋದದ್ದು ಉತ್ತರ ಮಲಾವಿಯ ಬೆಟ್ಟದ ಮೇಲಿನ ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ಕೈಜೋಡಿಸಲು. ಹಾಗಾದರೆ ದಿನವಿಡೀ ಏನು ಮಾಡುತ್ತಿದ್ದಿರಿ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಆರಾಧನೆ ಮುಗಿಸಿ ಗೇಟಿನ ಬಳಿ ನಿಂತು ಉತ್ತರ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ನಮ್ಮ ಯಜಮಾನರು ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ರೈಟರ್ ಆಗಿ ಚೆಕ್‌ರೋಲ್, ಅಂದರೆ ಕೂಲಿಯಾಳುಗಳ ಹಾಜರಿ ಪುಸ್ತಕ, ಬರೆಯುತ್ತಲೇ ತಲೆ ನರೆಸಿಕೊಂಡವರು. 2022ರ ಕೊನೆಗೆ ಹೋಗಿ 2024ರ ಮಳೆಗಾಲದಲ್ಲಿ ಮರಳಿದೆವು. ಹೋಗುವಾಗಲೇ ಇಬ್ಬರಿಗೂ ಅರವತ್ತು ದಾಟಿತ್ತು. ಅವರಿಗೆ ಬಿಪಿ, ನನಗೆ ಮಂಡಿ ನೋವು.

ಹೊರಡುವ ಮುನ್ನ ಮಾಡಬೇಕಾದ ಕೆಲಸಗಳ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ವಿಮಾನ ಬದಲಿಸುತ್ತಾರೆ. ಅದು ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. ಆದ್ದರಿಂದ ಲಸಿಕೆಯ ಪ್ರಮಾಣಪತ್ರದ ಮಾತು ಬರುತ್ತದೆ. ಈ ಲಸಿಕೆಯನ್ನು ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಳ್ಳುವಾಗ ಅಡ್ಡಪರಿಣಾಮದ ಅಪಾಯ ಹೆಚ್ಚು. ಸುಮ್ಮನೆ ಸಾಲಿನಲ್ಲಿ ನಿಂತು ತೋಳು ಚಾಚಬೇಡಿ. ವೈದ್ಯರೊಂದಿಗೆ ಕುಳಿತು ಮಾತನಾಡಿ, ಬೇಕೇ ಬೇಕೆಂದಾದರೆ ಹಾಕಿಸಿಕೊಳ್ಳಿ. ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಪಿಂಚಣಿಯವರಿಗೆ ಇನ್ನೊಂದು ತಲೆನೋವು, ಪ್ರತಿ ನವೆಂಬರಿನ ಜೀವಂತ ಪ್ರಮಾಣಪತ್ರ. ಬದುಕಿದ್ದೇನೆ ಎಂದು ಮಲಾವಿಯಿಂದ ರುಜುವಾತು ಮಾಡಬೇಕಾದರೆ ರಾಜಧಾನಿ ಲಿಲಾಂಗ್ವೆಯಲ್ಲಿರುವ ಭಾರತೀಯ ಹೈಕಮಿಷನ್‌ಗೆ ಹೋಗಬಹುದು. ನಾವಿದ್ದ ಬೆಟ್ಟದಿಂದ ಅದು ಇಡೀ ದಿನದ ದಾರಿ. ಖಜಾನೆಯಲ್ಲಿ, ಬ್ಯಾಂಕಿನಲ್ಲಿ ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ.

ನಮ್ಮ ದಿನ ಬೆಳಗಿನ ಐದಕ್ಕೆ ಶುರು. ಊರಿಗೆ ಊರೇ ಅಷ್ಟು ಹೊತ್ತಿಗೆ ಎದ್ದಿರುತ್ತದೆ. ಏಳು ಗಂಟೆಯವರೆಗೆ ಮಲಗಿದರೆ ಮೈಗೆ ಹುಷಾರಿಲ್ಲವೇನೋ ಎಂದು ಯಾರಾದರೂ ಬಾಗಿಲು ತಟ್ಟುತ್ತಿದ್ದರು. ಮನೆಯಿಂದ ಆಸ್ಪತ್ರೆಗೆ ಕೂಗಳತೆಯ ದೂರ. ಅದನ್ನು ದಾಟಲು ಅರ್ಧ ಗಂಟೆ ಬೇಕು. ಎದುರಾದವರನ್ನೆಲ್ಲ ನಿಂತು ಮಾತನಾಡಿಸಬೇಕು. 'ಮೋನಿಲೆ' ಎಂದು ನಮಸ್ಕಾರ, 'ಮುಲಿ ಉಲಿ' ಎಂದು ಕ್ಷೇಮ ವಿಚಾರ, ಅವರು ಚೆನ್ನಾಗಿದ್ದೇವೆ ಎಂದು ಹೇಳಿ ನಮ್ಮನ್ನು ಕೇಳುವುದು, ನಾವು ಉತ್ತರಿಸುವುದು, ಕೊನೆಗೆ 'ಯೆವೊ' ಎಂದು ಇಬ್ಬರೂ ಮುಗಿಸುವುದು. ಟುಂಬುಕಾ ಭಾಷೆಯಲ್ಲಿ ನಾನು ಕಲಿತದ್ದು ಇದಕ್ಕಿಂತ ಬಹಳ ಹೆಚ್ಚೇನಲ್ಲ, ಆದರೆ ಇಷ್ಟನ್ನು ತಪ್ಪಿಲ್ಲದೆ ಕಲಿತೆ. ನಮ್ಮವರಿಗೆ ಮೊದಮೊದಲು ಕಸಿವಿಸಿ. "ಬೆಳಿಗ್ಗೆ ಬೆಳಿಗ್ಗೆ ಇಷ್ಟು ಮಾತೇ? ಕೆಲಸ ಯಾವಾಗ?" ಎನ್ನುವರು. ಇದೂ ಕೆಲಸವೇ ಎಂದು ನಾನು ಹೇಳಿದ್ದು ಅವರ ತಲೆಗೆ ಹೋಗಲಿಲ್ಲ. ಮುಂದೆ ಅವರು ಲೆಕ್ಕ ಬರೆಯುತ್ತಿದ್ದ ಆಸ್ಪತ್ರೆಯ ಸ್ಟೋರಿನಲ್ಲಿ ಸಾಮಾನಿನ ಲೆಕ್ಕ ತಪ್ಪಿದಾಗ, ದಿನವೂ ನಿಂತು ಮಾತನಾಡಿಸುತ್ತಿದ್ದ ಕಾವಲುಗಾರನೇ ತಾನಾಗಿ ಬಂದು ಯಾವ ಪೆಟ್ಟಿಗೆ ಯಾವ ವಾರ್ಡಿಗೆ ಹೋಗಿದೆ ಎಂದು ಹೇಳಿದ ಮೇಲೆ ಹೋಯಿತು.

ಹೊರದೇಶದ ನರ್ಸ್ ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಣಿಯಾಗದೆ ರೋಗಿಗೆ ಔಷಧಿ ಕೊಡುವಂತಿಲ್ಲ. ಅದು ಸರಿಯಾದ ನಿಯಮವೇ. ನನ್ನ ವಯಸ್ಸಿನಲ್ಲಿ ರಾತ್ರಿ ಪಾಳಿಗೆ ಆಸೆ ಪಡುವುದೂ ಬೇಡವಾಗಿತ್ತು. ನಾನು ಬಟ್ಟೆಯ ಕೋಣೆ ಹಿಡಿದೆ. ಹೊದಿಕೆ, ಹಾಸು, ಶಸ್ತ್ರಚಿಕಿತ್ಸೆಯ ಬಟ್ಟೆ, ಅವುಗಳ ಒಗೆತ, ಹರಿದದ್ದರ ಹೊಲಿಗೆ, ಎಣಿಕೆ. ಹರಿದ ಹಾಸಿನ ಅಂಚು ಕತ್ತರಿಸಿ ಮಗುವಿನ ಬಟ್ಟೆ ಮಾಡುವುದು, ಸವೆದ ನಡುಭಾಗವನ್ನು ಸೀಳಿ ಎರಡು ಅಂಚುಗಳನ್ನು ನಡುವೆ ಸೇರಿಸಿ ಹೊಲಿದು ಅದಕ್ಕೆ ಮತ್ತೆ ಒಂದು ವರ್ಷದ ಆಯುಷ್ಯ ಕೊಡುವುದು, ನಮ್ಮ ಹಳೆಯ ಮೇಟ್ರನ್‌ಗಳು ಕಲಿಸಿದ ವಿದ್ಯೆಗಳು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಒಂದಿತ್ತು. ಮಂಡಿಗೆ ಅದು ವ್ಯಾಯಾಮವೂ ಆಯಿತು.

ಆಸ್ಪತ್ರೆಯ ಹಿಂದೆ ರೋಗಿಗಳ ಕಡೆಯವರಿಗೆಂದು ಒಂದು ಮಾಡು. ಅಲ್ಲಿ ಆಸ್ಪತ್ರೆಗೆ ಬರುವುದೆಂದರೆ ರೋಗಿಯ ಜೊತೆ ಅಕ್ಕನೋ ಅತ್ತೆಯೋ ಪಾತ್ರೆ, ಸೌದೆ, ಹಿಟ್ಟು ಹೊತ್ತು ಬರುವುದು. ಮೂರು ಕಲ್ಲಿನ ಒಲೆಗಳ ಸಾಲು, ಹೊಗೆ, ಕಂಕುಳಲ್ಲಿ ಮಕ್ಕಳು. ಬಟ್ಟೆಯ ಕೋಣೆಯ ಕೆಲಸ ಮುಗಿದ ಮೇಲೆ ನಾನು ಹೋಗಿ ಕೂರುತ್ತಿದ್ದದ್ದು ಅಲ್ಲಿ. ಭಾಷೆ ಬಾರದಿದ್ದರೂ ಸೊಪ್ಪು ಸೋಸಲು ಕೈ ಸಾಕು. ಕುಂಬಳದ ಎಲೆಯ ನಾರು ತೆಗೆದು, ಟೊಮೆಟೊ ಮತ್ತು ಕಡಲೆಕಾಯಿ ಪುಡಿ ಹಾಕಿ ಬೇಯಿಸುತ್ತಾರೆ. ಬಹಳ ರುಚಿ. ಇಲ್ಲಿಗೆ ಬಂದ ಮೇಲೂ ಮಾಡುತ್ತೇನೆ.

ಅವರ ಮುಖ್ಯ ಊಟ ಸಿಮಾ. ಬಿಳಿ ಬಣ್ಣದ ಮುಸುಕಿನ ಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ಮರದ ಸೌಟಿನಿಂದ ತಿರುವುವುದು. ಕೆಲಸ ಮುದ್ದೆಯದೇ, ಬಣ್ಣ ಮಾತ್ರ ಬೆಳ್ಳಗೆ. ನಮ್ಮವರು ಹಾಸನದ ಕಡೆಯ ಹೊಟ್ಟೆಯವರು, ಮಧ್ಯಾಹ್ನ ಮುದ್ದೆ ಬಿದ್ದರೇ ಊಟ. ಸಿಮಾದಿಂದ ಸ್ವಲ್ಪ ದಿನ ಸಮಾಧಾನಪಟ್ಟರು. ಆಮೇಲೆ ಸಂತೆಯಲ್ಲಿ ರಾಗಿ ಕಂಡರು. ಉತ್ತರ ಮಲಾವಿಯಲ್ಲಿ ರಾಗಿ ಬೆಳೆಯುತ್ತಾರೆ, ಅದೇ ನಮ್ಮ ರಾಗಿ! ಇವರು ಮಗು ಸಿಕ್ಕಿದವರಂತೆ ಒಂದು ಚೀಲ ಹೊತ್ತು ತಂದರು. ನಾನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಒಣಗಿಸಿ ಹಿಟ್ಟಿನ ಮಿಲ್ಲಿಗೆ ಕಳಿಸಿದೆ. ಮಿಲ್ಲಿನ ಹುಡುಗ ಚೀಲದ ಬಾಯಿ ಬಿಚ್ಚಿ ನೋಡಿ, ಇವರ ಮುಖ ನೋಡಿ, ಏನೂ ಹೇಳದೆ ಬೀಸಿ ಕೊಟ್ಟನಂತೆ.

ಆ ಸಂಜೆ ಸಭೆಯ ಸ್ತ್ರೀಯರ ಕೂಟದವರು ನಾಲ್ಕಾರು ಜನ ಬಂದು ಕುಳಿತರು. ಆ ಕೂಟಕ್ಕೆ ಉಮಾನ್ಯಾನೊ ಎಂದು ಹೆಸರು, ಶಿಸ್ತಿನ ಹೆಂಗಸರು. ಕ್ಷೇಮ ವಿಚಾರ ಎಂದಿಗಿಂತ ಉದ್ದವಾಯಿತು. ನಮ್ಮ ಮಕ್ಕಳು, ಮೊಮ್ಮಕ್ಕಳು, ಹಸುವಿನ ತನಕ ವಿಚಾರಿಸಿದರು. ಕೊನೆಗೆ ಜೊತೆಗಿದ್ದ ಎಳೆಯ ನರ್ಸ್ ನೆಲ ನೋಡುತ್ತ ಅನುವಾದಿಸಿದಳು: "ಅಗೋಗೊ, ಮನೆಯಲ್ಲಿ ಬಿಯರ್ ಮಾಡುತ್ತಿದ್ದೀರಂತೆ." ಅಜ್ಜ ಅಜ್ಜಿಯರನ್ನು ಅಲ್ಲಿ ಅಗೋಗೊ ಎನ್ನುತ್ತಾರೆ, ನಮಗಿಬ್ಬರಿಗೂ ಅದೇ ಹೆಸರು. ಅಲ್ಲಿ ರಾಗಿ ಹೆಚ್ಚಾಗಿ ಹೋಗುವುದು ಹೆಂಡಕ್ಕೆ, ಇಲ್ಲವೇ ಸಿಹಿ ಗಂಜಿಯಂಥ ಒಂದು ಪೇಯಕ್ಕೆ. ಚೀಲಗಟ್ಟಲೆ ಬೀಸಿಸಿದವರು ಇನ್ನೇನು ಮಾಡಿಯಾರು!

ನಾನು ಮಾತು ಬೆಳೆಸಲಿಲ್ಲ. ಎಸರಿಟ್ಟೆ. ಹಿಟ್ಟು ಹಾಕಿ, ಕೋಲಿಟ್ಟು ಬೇಯಲು ಬಿಟ್ಟು, ಅವರದೇ ಮರದ ಸೌಟಿನಿಂದ ಗಂಟಿಲ್ಲದೆ ತಿರುವಿದೆ. ನೀರು ಮುಟ್ಟಿಸಿದ ಅಂಗೈಯಲ್ಲಿ ಉಂಡೆ ಕಟ್ಟಿ, ಅಲಸಂದೆ ಮತ್ತು ಸೊಪ್ಪಿನ ಬಸ್ಸಾರಿನ ಜೊತೆ ಎದುರಿಗಿಟ್ಟೆ. ಚೊಂಬಿನಿಂದ ಒಬ್ಬೊಬ್ಬರ ಕೈಗೂ ನೀರು ಹಾಕಿದೆ, ಅಲ್ಲಿ ಊಟಕ್ಕೆ ಮುಂಚೆ ಹಾಗೆಯೇ ಮಾಡಬೇಕು. ಎಲ್ಲರೂ ಜಗಿದರು. ಜಗಿಯಬಾರದು, ನುಂಗಬೇಕು ಎಂದು ತೋರಿಸಿಕೊಟ್ಟೆ. ಹಿರಿಯಾಕೆಯೊಬ್ಬರು ಕಣ್ಣು ಮುಚ್ಚಿ ನುಂಗಿ, ಎದೆ ಸವರಿಕೊಂಡು, ಇದು ಸುಟ್ಟುಹೋದ ಸಿಮಾ ಎಂದು ತೀರ್ಪು ಕೊಟ್ಟರು. ನಕ್ಕೂ ನಕ್ಕೂ ಸಾಕಾಯಿತು. ಆ ಮೇಲೆ ರಾಗಿಯ ತಂಟೆ ಇರಲಿಲ್ಲ, ಮಿಲ್ಲಿನ ಹುಡುಗ ಮಾತ್ರ ಕೊನೆಯವರೆಗೂ "ಅಗೋಗೊ, ಹುಳಿ ಬಂತೇ?" ಎಂದು ಕೇಳುತ್ತಲೇ ಇದ್ದ.

ತೊಗರಿಬೇಳೆಯದು ಇನ್ನೊಂದು ಕತೆ. ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್ ತೊಗರಿ ತರಿಸಿಕೊಳ್ಳಲು ಭಾರತ 2021ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಅದು ಹೆಚ್ಚಾಗಿ ಬೆಳೆಯುವುದು ದಕ್ಷಿಣದ ಜಿಲ್ಲೆಗಳಲ್ಲಿ. ನಮ್ಮ ಬೆಟ್ಟದ ಸಂತೆಯಲ್ಲಿ ಅದು ಸಿಕ್ಕರೆ ಅದೃಷ್ಟ. ಚಿಕ್ಕಮಗಳೂರಿನ ಅಂಗಡಿಗೆ ಬಂದು ಕೂರುವ ಬೇಳೆ, ಬೆಳೆದ ದೇಶದಲ್ಲಿ ನಮಗೆ ಸಿಗದು.

ಯಜಮಾನರಿಗೆ ಒಪ್ಪಿಸಿದ್ದ ಕೆಲಸ ಸ್ಟೋರಿನ ರಿಜಿಸ್ಟರು ಮತ್ತು ಜನರೇಟರಿನ ಡೀಸೆಲ್ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲೆ ನನ್ನ ಬಟ್ಟೆಯ ಕೋಣೆಗೆ ಬಂದು ಹೊದಿಕೆ ಮಡಿಸುವ ರೀತಿ ಸರಿಯಿಲ್ಲ ಎನ್ನುವರು. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ವಯಸ್ಸಾದ ಗಂಡ ಹೆಂಡತಿಗೆ ಒಂದೇ ಕೆಲಸ ಕೊಡಬಾರದು. ಊರಿನಲ್ಲಾದರೆ ಅವರು ಪೇಟೆಗೆ, ನಾನು ತಂಗಿಯ ಮನೆಗೆ ಹೋಗಿ ತಣ್ಣಗಾಗಬಹುದು. ಅಲ್ಲಿ ಆರು ಗಂಟೆಗೆ ಕತ್ತಲು, ಒಂದೇ ದೀಪ, ಎದುರಿಗೆ ಅದೇ ಮುಖ. ಜಗಳವಾಡಿದರೆ ಪಕ್ಕದ ಮನೆಗೆ ಕೇಳಿಸುತ್ತದೆ, ಕನ್ನಡದ ಜಗಳವೂ ಜಗಳವೆಂದು ಯಾರಿಗಾದರೂ ತಿಳಿಯುತ್ತದೆ.

ನಮ್ಮ ಸಂಸಾರವನ್ನು ಕಾಪಾಡಿದ್ದು ಕಾಫಿ ಗಿಡ. ಸ್ಕಾಟ್ಲೆಂಡಿನ ಮಿಷನರಿಗಳೇ ಹತ್ತೊಂಬತ್ತನೆಯ ಶತಮಾನದಲ್ಲಿ ಮಲಾವಿಗೆ ಕಾಫಿ ತಂದವರು. ಈಗ ಉತ್ತರದ ಬೆಟ್ಟಗಳಲ್ಲಿ ಸಣ್ಣ ಹಿಡುವಳಿದಾರರು ಅರೇಬಿಕಾ ಬೆಳೆದು ಸಹಕಾರ ಸಂಘದ ಮೂಲಕ ಮಾರುತ್ತಾರೆ. ಸಭೆಯ ಹಿರಿಯರೊಬ್ಬರು ತಮ್ಮ ತೋಟಕ್ಕೆ ಕರೆದರು. ಇವರು ಹೋದವರು ಕತ್ತಲಾದ ಮೇಲೆ ಬಂದರು, ಕಿಸೆಯ ತುಂಬ ಎಲೆ ಮತ್ತು ಕಾಂಡದ ಚೂರು. "ಕ್ಯಾಟಿಮೋರ್ ಹಾಕಿದ್ದಾರೆ ಮಾರಾಯ್ತಿ, ನಮ್ಮ ಕಾವೇರಿ ತಳಿಯೇ. ನೆರಳೇ ಇಲ್ಲ!" ಎಂದು ಊಟ ಮುಗಿಯುವವರೆಗೂ ಅದೇ ಮಾತು. ಬುಡದಲ್ಲಿ ಮರದ ಹುಡಿ ಕಂಡದ್ದರಿಂದ ಕಾಂಡಕೊರಕ ಎಂದು ಅವರಿಗೆ ತಿಳಿಯಿತು. ಆಫ್ರಿಕದ ಬಿಳಿ ಕಾಂಡಕೊರಕ ನಮ್ಮಲ್ಲಿನದಕ್ಕಿಂತ ಬೇರೆ ಜಾತಿಯ ಕೀಟ, ಆದರೆ ಒಳಗೆ ಕೊರೆದು ಗಿಡ ಒಣಗಿಸುವುದರಲ್ಲಿ ಇಬ್ಬರೂ ಅಣ್ಣತಮ್ಮಂದಿರು. ಅಂದಿನಿಂದ ಮಧ್ಯಾಹ್ನಗಳೆಲ್ಲ ತೋಟದ್ದಾದವು. ಕಪಾತು ಕತ್ತರಿ ಹಿಡಿದು ಬೇಡದ ಚಿಗುರು ತೆಗೆದು ತೋರಿಸಿದರು. ಗೋಣಿಯಿಂದ ಕಾಂಡದ ಸಡಿಲ ಸಿಪ್ಪೆ ಉಜ್ಜಿ ತೋರಿಸಿದರು, ಅಲ್ಲೇ ತಾನೇ ಕೀಟ ಮೊಟ್ಟೆ ಇಡುವುದು. ಪೂರ್ತಿ ಹಾಳಾದ ಗಿಡ ಕಿತ್ತು ಸುಡಲು ಹೇಳಿದಾಗ ಯಾರಿಗೂ ಮನಸ್ಸಾಗಲಿಲ್ಲ. ಇಲ್ಲಿನ ಸಣ್ಣ ಬೆಳೆಗಾರರಿಗೂ ಆಗುವುದಿಲ್ಲ. ನೆರಳಿಗೆ ಮರ ಹಾಕಿ ಎಂದಾಗ ತಲೆಯಾಡಿಸಿದರು, ಹಾಕಲಿಲ್ಲ. ಅವರಿಂದ ಇವರು ಕಲಿತದ್ದೂ ಇದೆ: ಅಲ್ಲಿ ಬೀಜವನ್ನು ಕಣದಲ್ಲಿ ಹರಡುವುದಿಲ್ಲ, ಸೊಂಟದ ಎತ್ತರಕ್ಕೆ ಕಟ್ಟಿದ ಜಾಲರಿಯ ಮಂಚದ ಮೇಲೆ ಒಣಗಿಸುತ್ತಾರೆ. ಬಗ್ಗುವ ಕೆಲಸವಿಲ್ಲ, ಕೆಳಗಿನಿಂದಲೂ ಗಾಳಿ ಆಡುತ್ತದೆ. ಈಗ ನಮ್ಮ ಹಿತ್ತಲಿನಲ್ಲೂ ಅಂಥದ್ದೊಂದು ಎದ್ದಿದೆ, ನನ್ನ ಹಪ್ಪಳ ಸಂಡಿಗೆ ಅದರ ಮೇಲೆಯೇ.

ಬೆಳೆಯುವವರು ಕಾಫಿ ಕುಡಿಯುವುದಿಲ್ಲ, ಕುಡಿಯುವುದು ಚಹಾ. ನಾವು ಬೀಜ ಕೊಂಡು ಬಾಣಲೆಯಲ್ಲಿ ಹುರಿದು, ಒರಳಿನಲ್ಲಿ ಕುಟ್ಟಿ, ಇಲ್ಲಿಂದ ಒಯ್ದ ಫಿಲ್ಟರಿಗೆ ಹಾಕುತ್ತಿದ್ದೆವು. ಚಿಕೋರಿ ಇಲ್ಲದ ಕಾಫಿ ನಮ್ಮವರಿಗೆ ಹಿಡಿಸಿತು, ನನಗೆ ಹಿಡಿಸಲಿಲ್ಲ.

ಹಣದ ವಿಷಯ. 2023ರ ನವೆಂಬರಿನಲ್ಲಿ ಅಲ್ಲಿನ ಕ್ವಾಚಾ ನಾಣ್ಯವನ್ನು ಶೇ 44ರಷ್ಟು ಅಪಮೌಲ್ಯಗೊಳಿಸಿದರು. ಸಕ್ಕರೆ, ಎಣ್ಣೆ, ಡೀಸೆಲ್ ಎಲ್ಲದರ ಬೆಲೆ ಏರಿತು. ರೂಪಾಯಿ ಬದಲಿಸಿಕೊಳ್ಳುವ ನಮಗೆ ಲೆಕ್ಕದಲ್ಲಿ ಲಾಭವೇ ಆಯಿತು, ಪಕ್ಕದ ಮನೆಯ ನರ್ಸ್‌ಗೆ ಸಂಬಳ ಅಷ್ಟೇ ಇತ್ತು. ಆಗಿನಿಂದ ನಾವು ಸಂತೆಯಲ್ಲಿ ಚೌಕಾಸಿ ಮಾಡುವುದನ್ನು ಬಿಟ್ಟೆವು. ಬಾಗಿಲಿಗೆ ಬಂದು ಕೇಳುವವರಿಗೆ ಕೈಯಲ್ಲಿ ಹಣ ಕೊಡುವುದನ್ನೂ ಬಿಟ್ಟು, ಸಭೆಯ ಹಿರಿಯರ ಮೂಲಕ ಕೊಟ್ಟೆವು. ಯಾರಿಗೆ ನಿಜವಾಗಿ ಬೇಕು ಎಂಬುದು ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ದಿನದ ದೊಡ್ಡ ಕೆಲಸ ಮೊಮ್ಮಗಳಿಗೆ ಫೋನು. ಮಲಾವಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನಾವು ಬಿಡುವಾಗುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು. ಆದ್ದರಿಂದ ಮಧ್ಯಾಹ್ನ ಊಟ ಮುಗಿಸಿದ ಕೂಡಲೇ, ಸಿಗ್ನಲ್ ಬರುವ ಬಂಡೆಯ ಮೇಲೆ ಹತ್ತಿ ಮಾತನಾಡುವುದು ಎಂದಾಯಿತು. ಇದನ್ನು ಮಕ್ಕಳೊಂದಿಗೆ ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ದಿನವೂ ಕಾಯುತ್ತ ಕೂತರೆ ಎರಡೂ ಕಡೆ ಬೇಸರ.

ಕಾಯಿಲೆಯ ಬಗ್ಗೆ ನರ್ಸ್ ಆಗಿ ಹೇಳುತ್ತೇನೆ. ಅಲ್ಲಿನ ಮಲೇರಿಯಾ ಬಹುಪಾಲು ಫಾಲ್ಸಿಪ್ಯಾರಂ ಜಾತಿಯದು, ತಡ ಮಾಡಿದರೆ ಪ್ರಾಣಕ್ಕೆ ಕುತ್ತು. ಆ ಸ್ಕಾಟ್ಲೆಂಡಿನ ಮಿಷನರಿಗಳೇ ಕೆಳಗಿನ ಸರೋವರದ ದಂಡೆಯ ಜ್ವರಕ್ಕೆ ಸೋತು ಸೋತು, ನೆಲೆ ಬದಲಿಸುತ್ತ, 1894ರಲ್ಲಿ ಬೆಟ್ಟ ಹತ್ತಿ ಲಿವಿಂಗ್‌ಸ್ಟೋನಿಯಾ ಎಂಬ ಮಿಷನ್ ನೆಲೆ ಕಟ್ಟಿದರು. ಬೆಟ್ಟದ ಮೇಲೆ ಸೊಳ್ಳೆ ಕಡಿಮೆ, ಇಲ್ಲವೆಂದಲ್ಲ. ಔಷಧಿ ಲೇಪಿಸಿದ ಪರದೆಯೊಳಗೆ ಮಲಗುವುದು, ಜ್ವರ ಬಂದ ದಿನವೇ ರಕ್ತ ಪರೀಕ್ಷೆ. ನಮ್ಮವರಿಗೆ ಒಮ್ಮೆ ಬಂತು. ನೆಗಡಿ ಎಂದು ಕಷಾಯ ಕೇಳಿದರು, ನಾನು ಕೈ ಹಿಡಿದು ಲ್ಯಾಬಿಗೆ ಕರೆದೊಯ್ದೆ. ಮಾತ್ರೆಯ ಮೂರು ದಿನದ ಕೋರ್ಸ್ ಮುಗಿಸಿ ಎದ್ದರು. ಬಿಪಿ ಮಾತ್ರೆಗಳನ್ನು ಚೀಟಿಯ ಸಮೇತ ಇಲ್ಲಿಂದಲೇ ಒಯ್ಯಬೇಕು, ಎರಡು ಚೀಲದಲ್ಲಿ ಹಂಚಿ. ಒಂದು ಚೀಲ ತಪ್ಪಿಹೋದರೆ ಇನ್ನೊಂದಿರುತ್ತದೆ.

ಮೊನ್ನೆ ಮೂಡಿಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯೊಂದಿಗೆ ಬಂದಿದ್ದರು, ಅವರಿಗೂ ಹೋಗುವ ಮನಸ್ಸು. ಏನೇನು ಓದಿಕೊಂಡು ಹೋಗಬೇಕು ಎಂದು ಕೇಳಿದರು. ನಾನು ಇಬ್ಬರ ಬಾಯಿಯನ್ನೂ ತೆರೆಸಿ ನೋಡಿದೆ. ಮೇಷ್ಟ್ರಿಗೆ ದವಡೆ ಹಲ್ಲು ಎರಡು ಅಲ್ಲಾಡುತ್ತಿವೆ, ಅಮ್ಮನವರ ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಗಿದೆ. ಬೆಟ್ಟದ ಮೇಲೆ ದಂತವೈದ್ಯರಿರುವುದಿಲ್ಲ. ಮೊದಲು ಹಲ್ಲಿನ ಕೆಲಸ ಮುಗಿಸಿಕೊಂಡು ಬನ್ನಿ, ಉಳಿದದ್ದು ಆಮೇಲೆ ಮಾತನಾಡೋಣ ಎಂದು ಕಳಿಸಿದ್ದೇನೆ.