ಮೈಕ್ ಪ್ರೀಆಂಪ್ ಮನೆಯಲ್ಲೇ ಕಟ್ಟಿ

ಎಲೆಕ್ಟ್ರೆಟ್ ಮೈಕ್ ಅಂಗಿಯ ಗುಂಡಿಗಿಂತ ದೊಡ್ಡದೇನಲ್ಲ. ನಾವು ಮಾತಾಡಿದರೆ ಅದರಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಬೇಕು. ಆ ಕೆಲಸ ಮಾಡುವ ಸರ್ಕ್ಯೂಟೇ ಪ್ರೀಆಂಪ್. ಎಷ್ಟು ಪಟ್ಟು ಹಿಗ್ಗಿಸುತ್ತದೋ ಅದೇ ಗೇನ್. ಆದರೆ ಮೈಕಿನ ದಾರಿಯಲ್ಲಿ ಸೇರಿಕೊಂಡ ಗೊರಗೊರ ಸದ್ದೂ ನೂರು ಪಟ್ಟು ಹಿಗ್ಗುತ್ತದೆ, ಅಲ್ವಾ? ಅದಕ್ಕೇ ನಾನು ಗೇನ್‌ಗಿಂತ ಮೊದಲು ಮೈಕಿಗೆ ಹೋಗುವ ಕರೆಂಟನ್ನು ನೋಡಿಕೊಳ್ಳುತ್ತೇನೆ.

ಹಿಗ್ಗಿಸುವ ಐಸಿ (ಆಪ್-ಆಂಪ್ ಅನ್ನುವ ಚಿಪ್) ಟಿಎಲ್071 ಇರಲಿ. ಬೆಂಗಳೂರಿನವರು ಎಸ್.ಪಿ. ರೋಡಿನಲ್ಲಿ ಕೇಳಿ ನೋಡಿ. ಹಳೆಯ 741 ಬೇಡ. ನೂರು ಪಟ್ಟು ಗೇನ್ ಕೇಳಿದರೆ ಅದು ಸುಮಾರು 10 ಕಿಲೋಹರ್ಟ್ಸ್‌ಗೇ ಸೋಲುತ್ತದೆ. ಟಿಎಲ್071 ಸುಮಾರು 30 ಕಿಲೋಹರ್ಟ್ಸ್‌ವರೆಗೂ ಎಳೆಯುತ್ತದೆ.

ಮೈಕಿನ ದಾರಿ

ಮೈಕನ್ನು ತಿರುಗಿಸಿ ಹಿಂಬದಿ ನೋಡಿ. ಎರಡು ಬೆಸುಗೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಯಿಂದ ಸಣ್ಣ ಗೆರೆಗಳು ಲೋಹದ ಅಂಚಿಗೆ ಹೋಗಿ ಮುಟ್ಟಿರುತ್ತವೆ. ಅದೇ ಗ್ರೌಂಡ್. ಬ್ಯಾಟರಿಯ ಮೈನಸ್‌ಗೆ ಅದನ್ನು ಸೇರಿಸಿ.

9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 1 ಕಿಲೋ-ಓಮ್ ರೆಸಿಸ್ಟರ್ ಹಾಕಿ. ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದೇ ತುದಿಯಿಂದ 4.7 ಕಿಲೋ-ಓಮ್ ಮೂಲಕ ಮೈಕಿನ ಇನ್ನೊಂದು ಚುಕ್ಕೆಗೆ ಕರೆಂಟ್ ಕೊಡಿ.

ಈ 1 ಕಿಲೋ, 100 ಮೈಕ್ರೋಫ್ಯಾರಡ್ ಜೋಡಿಯನ್ನು ದಯವಿಟ್ಟು ಬಿಡಬೇಡಿ. ನಾನು ಒಮ್ಮೆ ಬಿಟ್ಟಿದ್ದೆ. ಅದೇ ಬ್ಯಾಟರಿಯಿಂದ ಸಣ್ಣ ಸ್ಪೀಕರ್ ಆಂಪ್ಲಿಫೈಯರಿಗೂ ಕರೆಂಟ್ ಕೊಟ್ಟಿದ್ದೆ. ಸ್ವಿಚ್ ಹಾಕಿದ ಕೂಡಲೇ ದೋಣಿಯ ಎಂಜಿನ್ ಹಾಗೆ ಪುಟ್ ಪುಟ್ ಪುಟ್ ಅಂತ ಸದ್ದು! ಸ್ಪೀಕರ್ ಕರೆಂಟ್ ಎಳೆದಾಗಲೆಲ್ಲ ಬ್ಯಾಟರಿ ವೋಲ್ಟೇಜ್ ಕುಗ್ಗುತ್ತಿತ್ತು. ಆ ಕುಲುಕಾಟ ಮೈಕಿನ ರೆಸಿಸ್ಟರ್ ಮೂಲಕ ಮತ್ತೆ ಒಳಗೆ ಹೋಗಿ ಹಿಗ್ಗುತ್ತಿತ್ತು. ಒಂದು ಕೆಪಾಸಿಟರ್ ಹಾಕಿದೆ, ಸದ್ದು ನಿಂತಿತು.

ಅರ್ಧ ವೋಲ್ಟೇಜ್

ಧ್ವನಿಯ ಅಲೆ ಮೇಲಕ್ಕೂ ಕೆಳಕ್ಕೂ ಓಡಾಡಬೇಕು. ನಮ್ಮ ಹತ್ತಿರ ಇರುವುದು ಒಂದೇ ಬ್ಯಾಟರಿ. ಹಾಗಾಗಿ ನಡುಮಟ್ಟವನ್ನು ನಾವೇ ಮಾಡಿಕೊಳ್ಳಬೇಕು. ಪ್ಲಸ್ ಮತ್ತು ಗ್ರೌಂಡ್ ನಡುವೆ ಎರಡು 47 ಕಿಲೋ ರೆಸಿಸ್ಟರ್‌ಗಳನ್ನು ಸಾಲಾಗಿ ಹಾಕಿ. ಅವು ಸೇರುವ ಜಾಗದಲ್ಲಿ 4.5 ವೋಲ್ಟ್ ಸಿಗುತ್ತದೆ. ಅಲ್ಲಿಂದ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್, ಐಸಿಯ 3ನೇ ಕಾಲಿಗೆ (ಪಿನ್) 100 ಕಿಲೋ.

ಮೈಕಿನ ಚುಕ್ಕೆಯಿಂದ 0.1 ಮೈಕ್ರೋಫ್ಯಾರಡ್ ಮೂಲಕ ಅದೇ 3ನೇ ಕಾಲಿಗೆ ಧ್ವನಿ ಬರಲಿ.

ಗೇನ್

6ನೇ ಕಾಲಿನಿಂದ 2ನೇ ಕಾಲಿಗೆ 100 ಕಿಲೋ. 2ನೇ ಕಾಲಿನಿಂದ 1 ಕಿಲೋ, ಅದರ ಹಿಂದೆ 10 ಮೈಕ್ರೋಫ್ಯಾರಡ್, ಆಮೇಲೆ ಗ್ರೌಂಡ್. ಕೆಪಾಸಿಟರಿನ ಪ್ಲಸ್ ರೆಸಿಸ್ಟರಿನ ಕಡೆಗಿರಲಿ. ಗೇನ್ ಲೆಕ್ಕ ಸುಲಭ: 100ನ್ನು 1ರಿಂದ ಭಾಗಿಸಿ, ಒಂದು ಸೇರಿಸಿ. 101 ಪಟ್ಟು. ಕೆಪಾಸಿಟರ್ ಇರುವುದರಿಂದ ಧ್ವನಿ ಮಾತ್ರ ಹಿಗ್ಗುತ್ತದೆ, 4.5 ವೋಲ್ಟ್ ಹಾಗೇ ಇರುತ್ತದೆ.

7ನೇ ಕಾಲು ಪ್ಲಸ್, 4ನೇ ಕಾಲು ಗ್ರೌಂಡ್. ಇವೆರಡರ ನಡುವೆ, ಐಸಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್. ಔಟ್‌ಪುಟ್ 6ನೇ ಕಾಲಿನಿಂದ 10 ಮೈಕ್ರೋಫ್ಯಾರಡ್ ಮೂಲಕ ಹೊರಗೆ ಬರಲಿ. ಪ್ಲಸ್ ತುದಿ ಐಸಿ ಕಡೆಗೆ.

ಆಂಪ್ಲಿಫೈಯರಿಗೆ ಜೋಡಿಸುವ ಮೊದಲು 6ನೇ ಕಾಲಿಗೆ ಮಲ್ಟಿಮೀಟರ್ ಇಡಿ. 4.5ರ ಆಸುಪಾಸು ಇದ್ದರೆ ಸರಿ. 8ರ ಹತ್ತಿರ ಅಥವಾ ಸೊನ್ನೆಯ ಹತ್ತಿರ ಕಂಡರೆ 2 ಮತ್ತು 3ನೇ ಕಾಲಿನ ವೈರಿಂಗ್ ಮತ್ತೆ ನೋಡಿ. ಎಲ್ಲ ಸರಿ ಇದ್ದೂ ಹತ್ತಿರ ನಿಂತು ಜೋರಾಗಿ ಹಾಡಿದಾಗ ಧ್ವನಿ ಒಡೆದರೆ, 6 ಮತ್ತು 2ನೇ ಕಾಲಿನ ನಡುವಿನ 100 ಕಿಲೋ ತೆಗೆದು 47 ಕಿಲೋ ಹಾಕಿ. ಗೇನ್ 48ಕ್ಕೆ ಇಳಿಯುತ್ತದೆ.